ನರ್ಸ್‌ಗಳು ಇಲ್ಲೇ ಉಳಿಯುವುದು ಹೇಗೆ?



ನನ್ನ ಮಗಳು ಈ ವರ್ಷ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದಳು. ಅವಳ ಗೆಳತಿಯರಲ್ಲಿ ಹಲವರು ಕೆಲಸಕ್ಕಾಗಿ ಜರ್ಮನಿಗೆ ಹೋಗಲೆಂದು ಈಗ ಜರ್ಮನ್ ಕಲಿಯುತ್ತಿದ್ದಾರೆ. ಹೆರಿಗೆ ವಾರ್ಡನ್ನೇ ಮೆಚ್ಚಿಕೊಂಡಿದ್ದ ಹುಡುಗಿಯೂ ಅವರಲ್ಲಿದ್ದಾಳೆ. ತಪ್ಪೆನ್ನಲು ಬಾಯಿ ಬರುವುದಿಲ್ಲ. ಇಲ್ಲಿನ ಖಾಸಗಿ ಆಸ್ಪತ್ರೆಯೊಂದು ಕೊಡುತ್ತೇನೆಂದ ಸಂಬಳ ತಿಂಗಳಿಗೆ ಹನ್ನೆರಡು ಸಾವಿರ. ಮೂಲ ಅಂಕಪಟ್ಟಿಯನ್ನೂ ಎರಡು ವರ್ಷ ಅವರಲ್ಲೇ ಇಡಬೇಕಂತೆ!

ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಕೇಂದ್ರದ ಸಮಿತಿ 2016ರಲ್ಲೇ, ಸಣ್ಣ ಆಸ್ಪತ್ರೆಯಾದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತ್ತು. ಇನ್ನು ಹೆರಿಗೆ ಕೆಲಸದ ಮಾತಿಗೆ ಬಂದರೆ, ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟೆವು, ಸರಿ. ಓದಿ ಬಂದ ಸೂಲಗಿತ್ತಿಯರಿಗೆ ಹುದ್ದೆ ಎಲ್ಲಿದೆ? ಆರೋಗ್ಯ ಇಲಾಖೆ ಆ ಶಿಫಾರಸನ್ನು ಕಡ್ಡಾಯ ಮಾಡಲಿ, ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವವರ ಮೇಲೆ ಕ್ರಮ ಜರುಗಿಸಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆಗೆಂದೇ ಕಾಯಂ ನರ್ಸ್ ಹುದ್ದೆಗಳನ್ನು ಸೃಷ್ಟಿಸಲಿ ಎಂದು ವಿನಂತಿ.

– ಒಬ್ಬ ತಂದೆ, ಹಾಸನ