ದೇವರ ಕಾರ್ಯಕ್ಕೂ ದಂಡವೇ?



ಸಂಕ್ರಾಂತಿ ಕಳೆದೊಡನೆ ನಮ್ಮ ನಾಡಿನಲ್ಲಿ ಜಾತ್ರೆಗಳ ಕಾಲ ಆರಂಭವಾಗುತ್ತದೆ. ರಥೋತ್ಸವ, ದಾಸೋಹ, ಸಾಮೂಹಿಕ ವಿವಾಹ, ಬಸವ ಜಯಂತಿಯ ಮೆರವಣಿಗೆ ಎಂದು ಮುಂಗಾರು ಬರುವವರೆಗೂ ಊರೂರಿನ ಬೀದಿಗಳು ಜನರಿಂದ ತುಂಬಿರುತ್ತವೆ. ಇದೇ ಕಾಲದಲ್ಲಿ ಉತ್ಸವ ಸಮಿತಿಯವರಿಗೂ ಪುರಸಭೆಯವರಿಗೂ ವಾಗ್ವಾದಗಳು ನಡೆಯುವುದುಂಟು. ಅಂತಹ ಒಂದು ವಾಗ್ವಾದದಲ್ಲಿ ನಾವೇ ತಪ್ಪು ಪಕ್ಷದಲ್ಲಿ ನಿಂತಿದ್ದ ಪ್ರಸಂಗವನ್ನು ಈ ತಿಂಗಳು ನಿವೇದಿಸಿಕೊಳ್ಳಬೇಕೆನಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪಟ್ಟಣದ ಜಾತ್ರೆಯ ದಾಸೋಹ ಸಮಿತಿಯಲ್ಲಿ ನಾವೂ ಒಬ್ಬರಾಗಿದ್ದೆವು. ಎರಡನೆಯ ಪಂಕ್ತಿ ಕುಳಿತಿದ್ದಾಗ ಪುರಸಭೆಯ ಆರೋಗ್ಯ ನಿರೀಕ್ಷಕರು ಬಂದರು. ವಯಸ್ಸಿನಲ್ಲಿ ನಮ್ಮ ಮೊಮ್ಮಗನಂತಿದ್ದ ತರುಣ. ಉಗ್ರಾಣದಲ್ಲಿ ರಾಶಿ ಹಾಕಿದ್ದ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟಗಳನ್ನು ಕಂಡು ಅವನ್ನು ವಶಪಡಿಸಿಕೊಳ್ಳಬೇಕಾಗುತ್ತದೆಂದೂ ಎರಡು ಸಾವಿರ ರೂಪಾಯಿ ದಂಡ ತೆರಬೇಕೆಂದೂ ವಿನಯದಿಂದಲೇ ತಿಳಿಸಿದರು. ಸಮಿತಿಯವರು ಕೆರಳಿದರು. ನಾವೂ ತಾಳ್ಮೆಗೆಟ್ಟು, "ದೇವರ ಕಾರ್ಯಕ್ಕೂ ದಂಡವೇನಪ್ಪಾ?" ಎಂದು ಕೇಳಿದೆವು.

ಆತ ತಲೆ ತಗ್ಗಿಸಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಶಾಸ್ತ್ರಿಗಳೇ, ಹೋದ ಸಂತೆಯ ದಿನ ಸೊಪ್ಪು ಮಾರುವ ಅಜ್ಜಿಯೊಬ್ಬಳ ಚೀಲಗಳನ್ನು ತೆಗೆದುಕೊಂಡು ದಂಡ ಹಾಕಿದ್ದೇನೆ. ಇಂದು ನಿಮ್ಮನ್ನು ಬಿಟ್ಟರೆ ಆಕೆಯ ಮುಖವನ್ನು ನಾನು ಹೇಗೆ ನೋಡಲಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರದ ಅಗತ್ಯವೂ ಬೀಳಲಿಲ್ಲ. ಅಷ್ಟರಲ್ಲಿ ಸಮಿತಿಯ ಹಿರಿಯರೊಬ್ಬರು ಮುಖಂಡರಿಗೆ ಫೋನು ಮಾಡಿದ್ದರು. ಐದು ನಿಮಿಷದಲ್ಲಿ ಮೇಲಿನಿಂದ ಆ ತರುಣನಿಗೆ ಕರೆ ಬಂದಿತು. ರಸೀದಿ ಪುಸ್ತಕವನ್ನು ಕೈಚೀಲದೊಳಗಿಟ್ಟು, ನಮಸ್ಕರಿಸಿ, ಪ್ರಸಾದವನ್ನೂ ಸ್ವೀಕರಿಸದೆ ಹೊರಟುಹೋದರು. ಗೆದ್ದೆವೆಂದು ಹಲವರು ನಕ್ಕರು.

ಮುಂದಿನ ಸಂತೆಗೆ ನಾವೇ ಹೋದೆವು. ನಮ್ಮ ಬಟ್ಟೆಯ ಚೀಲಕ್ಕೆ ಮೆಂತ್ಯದ ಸೊಪ್ಪು ಹಾಕುತ್ತಾ ಒಬ್ಬ ವೃದ್ಧೆ, "ಚೀಲ ತಂದಿದ್ದು ಚಲೋ ಆತು ನೋಡ್ರೀ ಅಜ್ಜಾರ. ಪ್ಲಾಸ್ಟಿಕ್ ಕೊಟ್ಟಿದ್ದಕ್ಕ ಇನ್ನೂರು ರೂಪಾಯಿ ಕಟ್ಟೀನಿ. ಎರಡು ಸಂತಿ ದುಡಿಮಿ ಹೋತು" ಎಂದಳು. ಆಕೆ ಯಾರಿಗೆ ಫೋನು ಮಾಡಬೇಕಿತ್ತು? ಅಂದು ನಮಗೆ ವಿಷಯ ಸ್ಪಷ್ಟವಾಯಿತು. ನಾವು ಪಡೆದ ವಿನಾಯಿತಿಯಿಂದ ನಿಯಮ ರದ್ದಾಗಿರಲಿಲ್ಲ. ಅದರ ಭಾರವೆಲ್ಲ ಫೋನಿಲ್ಲದವರ ತಲೆಯ ಮೇಲೆ ಉಳಿದಿತ್ತು.

ಈ ನಿಯಮಗಳು ಅಧಿಕಾರಿಯೊಬ್ಬನ ಮನಸ್ಸಿಗೆ ಬಂದಂತೆ ಹುಟ್ಟಿದವುಗಳಲ್ಲ ಎಂಬುದನ್ನು ಬಾಂಧವರು ಗಮನಿಸಬೇಕು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ನಾವೇ ಆರಿಸಿ ಕಳುಹಿಸುವ ಸದಸ್ಯರ ಸಭೆಗೆ ಉಪವಿಧಿ, ಅಂದರೆ ಬೈಲಾ, ರಚಿಸುವ ಅಧಿಕಾರವನ್ನು ಕೊಟ್ಟಿದೆ. ಮಹಾನಗರಗಳಿಗೆ 1976ರ ಅಧಿನಿಯಮವಿದೆ. ಇವಲ್ಲದೆ ರಾಜ್ಯದ ಹಾಗೂ ಕೇಂದ್ರದ ನಿಯಮಗಳನ್ನು ಬೀದಿಯಲ್ಲಿ ನಿಂತು ಜಾರಿಗೊಳಿಸುವ ಹೊಣೆಯೂ ಸ್ಥಳೀಯ ಸಂಸ್ಥೆಗಳ ಮೇಲಿದೆ. 2016ರ ಮಾರ್ಚ್ ತಿಂಗಳಲ್ಲಿಯೇ ನಮ್ಮ ರಾಜ್ಯವು ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ತೋರಣಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿತು. 2016ರ ಘನತ್ಯಾಜ್ಯ ನಿಯಮಗಳಂತೂ, ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ, ಕಸವನ್ನು ವಿಂಗಡಿಸಿ ಒಪ್ಪಿಸಬೇಕೆಂದೂ ವಿಧಿಸಿದವು. ಓಣಿಯಲ್ಲಿ ಪೆಂಡಾಲು ಹಾಕಿ ಮದುವೆ ಮಾಡುವ ನಮ್ಮಲ್ಲಿ ಎಷ್ಟು ಮನೆಯವರು ಹೀಗೆ ತಿಳಿಸಿದ್ದೇವೆ?

ಧ್ವನಿವರ್ಧಕದ ವಿಷಯವೂ ಅಂತೆಯೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು. ಹಬ್ಬಹರಿದಿನಗಳಿಗಾಗಿ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರವಿರುವುದು ರಾಜ್ಯ ಸರ್ಕಾರಕ್ಕೆ, ಅದೂ ವರ್ಷಕ್ಕೆ 15 ದಿನಗಳನ್ನು ಮೀರದಂತೆ. ವಾರ್ಡಿನ ಸದಸ್ಯರ ಬಾಯಿಮಾತಿಗೆ ಆ ಅಧಿಕಾರವಿಲ್ಲ. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 2000ದ ಆಗಸ್ಟ್ 30ರಂದು, ಚೆನ್ನೈನ ಒಂದು ಪ್ರಾರ್ಥನಾಲಯದ ಪ್ರಕರಣದಲ್ಲಿ ವ್ಯಕ್ತಪಡಿಸಿತು. ಆ ಮಾತು ಅನ್ಯರಿಗೆ ಅನ್ವಯಿಸಿದಾಗ ತಲೆದೂಗುವ ನಾವು, ನಮ್ಮ ಓಣಿಗೆ ಬಂದಾಗ ಮುಖ ಸಿಂಡರಿಸುವುದು ಶೋಭಿಸದು.

ಹಾಗೆಂದು ಪುರಸಭೆಯವರ ನಡೆಯಲ್ಲಿ ಕುಂದಿಲ್ಲವೆಂದು ನಾವು ಹೇಳುತ್ತಿಲ್ಲ. ಅನುಮತಿ ಕೇಳಲು ಹೋದವರನ್ನು ಪುರಸಭೆಯಿಂದ ಠಾಣೆಗೆ, ಠಾಣೆಯಿಂದ ವಿದ್ಯುತ್ ಕಚೇರಿಗೆ ಅಲೆಸುವುದುಂಟು. ತಿಂಗಳುಗಟ್ಟಲೆ ಸುಮ್ಮನಿದ್ದು, ಎಲೆ ಹಾಕಿದ ಮೇಲೆ ಬಂದು ದಂಡ ಹೇರುವುದರಿಂದ ಜನರಿಗೆ ಕೋಪ ಬರುವುದಲ್ಲದೆ ತಿಳಿವಳಿಕೆ ಮೂಡದು. ಜಾತ್ರೆಗೆ ಹದಿನೈದು ದಿನ ಮೊದಲೇ ಎಲ್ಲ ಸಮಿತಿಗಳನ್ನೂ ಕರೆದು, ಯಾವುದಕ್ಕೆ ಅನುಮತಿ, ಯಾವುದಕ್ಕೆ ಎಷ್ಟು ದಂಡ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ತೆಗೆದುಕೊಂಡ ಪ್ರತಿ ರೂಪಾಯಿಗೂ ರಸೀದಿ ನೀಡಬೇಕು. ಯಾವ ಜಾತಿ, ಯಾವ ಪಕ್ಷ, ಯಾವ ಧರ್ಮದ ಉತ್ಸವವಾದರೂ ಅಳತೆ ಒಂದೇ ಆಗಿರಬೇಕು. ಒಬ್ಬರಿಗೆ ಸಡಿಲಿಸಿ ಇನ್ನೊಬ್ಬರಿಗೆ ಬಿಗಿದರೆ ನಿಯಮವು ಪಕ್ಷಪಾತದ ಸಾಧನವಾಗುತ್ತದೆ.

ನಮ್ಮ ಕರ್ತವ್ಯವೂ ಸಣ್ಣದಲ್ಲ. ಮನೆಯಲ್ಲಿ ಮಂಗಲಕಾರ್ಯ ನಿಶ್ಚಯವಾದೊಡನೆ ಆಮಂತ್ರಣ ಪತ್ರಿಕೆಯ ಜೊತೆಯಲ್ಲಿಯೇ ಪುರಸಭೆಗೊಂದು ಅರ್ಜಿಯನ್ನೂ ಬರೆಯೋಣ. ಮುತ್ತುಗದ ಎಲೆ, ಬಾಳೆಯ ಎಲೆ, ಸ್ಟೀಲಿನ ಲೋಟಗಳು ನಮ್ಮ ಹಿರಿಯರಿಗೆ ಸಾಕಾಗಿದ್ದವು. ರಸ್ತೆಯ ಮೇಲೆ ಪೆಂಡಾಲು ಹಾಕಲೇಬೇಕಾದರೆ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡೋಣ. ಉಂಡ ಎಲೆಗಳನ್ನು ಚರಂಡಿಗೆ ಸುರಿದರೆ ಮರುದಿನ ನಸುಕಿನಲ್ಲಿ ಬಂದು ಅವನ್ನು ಎತ್ತುವವರು ಪೌರಕಾರ್ಮಿಕ ತಾಯಂದಿರೆಂಬುದನ್ನು ಮರೆಯಬಾರದು. ಅವರದೂ ಕಾಯಕವೇ. ಆ ಕಾಯಕವನ್ನು ನಮ್ಮ ಅಸಡ್ಡೆಯಿಂದ ಹೀನಗೊಳಿಸಿ, ಪಂಕ್ತಿಯಲ್ಲಿ ಮಾತ್ರ ದಾಸೋಹದ ಹಿರಿಮೆ ಹೇಳಿಕೊಂಡರೆ ಏನು ಫಲ?

ಸಂತೆಯಿಂದ ಹಿಂದಿರುಗಿದ ಮರುದಿನ ಸಮಿತಿಯ ಸಭೆ ಕರೆದು ವಿಷಯ ಮಂಡಿಸಿದೆವು. ಕೆಲವರು ಒಪ್ಪಲಿಲ್ಲ. ಕೊನೆಗೆ ನಾವು ಮೂವರು ಪುರಸಭೆಗೆ ಹೋಗಿ ಎರಡು ಸಾವಿರ ರೂಪಾಯಿ ಕಟ್ಟಿ ರಸೀದಿ ಪಡೆದೆವು. ಆ ತರುಣ ಎದ್ದು ನಿಂತು ಕುರ್ಚಿ ಸರಿಸಿದರು, ಮಾತನಾಡಲಿಲ್ಲ. ಮರುವರ್ಷ ಅವರನ್ನೇ ಜಾತ್ರೆಯ ಪೂರ್ವಸಭೆಗೆ ಆಹ್ವಾನಿಸಿದೆವು. ದಾಸೋಹದಲ್ಲಿ ಮುತ್ತುಗದ ಎಲೆಗಳೇ ಇದ್ದವು. ಅಂದು ಅವರು ನಮ್ಮ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು.

ಆ ರಸೀದಿ ನಮ್ಮ ಪೆಟ್ಟಿಗೆಯಲ್ಲಿದೆ. ವಿನಾಯಿತಿ ಕೇಳಬೇಕೆಂದು ಮನಸ್ಸು ಚಪಲಗೊಂಡಾಗಲೆಲ್ಲ ಅದನ್ನು ತೆಗೆದು ನೋಡಿಕೊಳ್ಳುತ್ತೇವೆ.