ಮಗು ಬೆಳೆಯುತ್ತದೆ, ಜೀವನಾಂಶವೂ ಬೆಳೆಯಬೇಕು

ತಲಾಖ್ ಆದಾಗ ಮಗುವಿಗೆ ಎರಡು ವರ್ಷ. ಆಗ ಗೊತ್ತು ಮಾಡಿದ ತಿಂಗಳ ಹಣ ಹಾಲಿಗೆ, ಬಟ್ಟೆಗೆ ಸಾಕಿತ್ತು. ಅದೇ ಮಗು ಈಗ ಏಳನೇ ಕ್ಲಾಸು. ಫೀಸು, ಪುಸ್ತಕ, ಜ್ವರ ಬಂದರೆ ಡಾಕ್ಟರು, ಎಲ್ಲವೂ ಏರಿದೆ. ಹಣ ಮಾತ್ರ ಅಷ್ಟೇ. "ಕೋರ್ಟು ಒಮ್ಮೆ ಹೇಳಿ ಆಯ್ತಲ್ಲ, ಇನ್ನೇನು ಮಾಡೋದು?" ಎಂದು ಸುಮ್ಮನಾಗುವ ತಾಯಂದಿರೇ ಹೆಚ್ಚು.

ಸುಮ್ಮನಾಗಬೇಕಿಲ್ಲ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ಜೀವನಾಂಶದ ಮೊತ್ತ ಬದಲಿಸಲು ಕಾನೂನಿನಲ್ಲೇ ದಾರಿ ಇದೆ. ಹಿಂದೆ ಅದು ಸಿಆರ್‌ಪಿಸಿ 127ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ. ಮೊದಲು ಆದೇಶ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬೇಕು. ಫೀಸಿನ ರಶೀದಿ, ಆಸ್ಪತ್ರೆ ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕೆಂದು 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

"ನಮ್ಮವರಿಗೆ ಇದೆಲ್ಲ ಅನ್ವಯಿಸೋದಿಲ್ಲ" ಎನ್ನುವವರು 1997ರ ನೂರ್ ಸಬಾ ಖಾತೂನ್ ತೀರ್ಪನ್ನು ನೋಡಲಿ. ಮಗುವಿಗೆ ಎರಡು ವರ್ಷ ತುಂಬುವವರೆಗೆ ಮಾತ್ರ ಕೊಟ್ಟರೆ ಸಾಕು ಎಂಬ ತಂದೆಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಕ್ಕಳು ಪ್ರಾಪ್ತ ವಯಸ್ಸಿಗೆ ಬರುವ ತನಕ ಅಥವಾ ಅದಕ್ಕೂ ಮುಂಚೆ ದುಡಿದುಕೊಳ್ಳುವ ತನಕ, ಹೆಣ್ಣುಮಕ್ಕಳಾದರೆ ಮದುವೆಯಾಗುವ ತನಕ ತಂದೆ ನೋಡಿಕೊಳ್ಳಬೇಕು ಎಂದಿತು. ನಮ್ಮ ದೀನ್ ಕೂಡ ಮಕ್ಕಳ ನಫಖವನ್ನು ತಂದೆಯ ಮೇಲೆ, ಅವನ ಶಕ್ತಿಗೆ ತಕ್ಕಂತೆ ಹೊರಿಸಿದೆ.

ಶಕ್ತಿಗೆ ತಕ್ಕಂತೆ ಎಂಬ ಮಾತು ತಂದೆಯ ಪರವಾಗಿಯೂ ಇದೆ. ಗಲ್ಫ್‌ನಲ್ಲಿ ಕೆಲಸ ಹೋಗಿ ಬಂದವರು, ಕಾಯಿಲೆ ಬಿದ್ದವರು ಅದೇ ಕಲಂ ಅಡಿ ಮೊತ್ತ ಕಡಿಮೆ ಮಾಡಿ ಎಂದು ಕೇಳಬಹುದು. ಆದರೆ ಹೇಳದೆ ಕೇಳದೆ ಕೊಡುವುದನ್ನು ನಿಲ್ಲಿಸಿದರೆ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತದೆ, ಜೈಲಿನ ತನಕ ಹೋಗುತ್ತದೆ. ತಾಯಂದಿರಿಗೂ ಒಂದು ಎಚ್ಚರಿಕೆ: ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ.

ವ್ಯಾಪಾರಕ್ಕೆಂದು ರಾಯಚೂರು, ದೇವದುರ್ಗ, ಮಾನ್ವಿ ಕಡೆ ನೆಲೆಸಿದ ಮನೆಗಳ ಹೆಣ್ಣುಮಕ್ಕಳಿಗೆ ಕಷ್ಟ ಇನ್ನೂ ಜಾಸ್ತಿ. ತವರು ಕರಾವಳಿಯಲ್ಲಿ, ಜೊತೆಗೆ ಬರುವವರಿಲ್ಲ. ಆದರೆ ವಕೀಲರ ಫೀಸಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನು ಮಾಡಿದರೂ ಆಗುತ್ತದೆ.

ಕೊನೆಯ ಮಾತು ನಮ್ಮ ಪಳ್ಳಿ ಕಮಿಟಿಗಳಿಗೆ. ರಾಜಿ ಪಂಚಾಯಿತಿಯಲ್ಲಿ ಒಂದು ಮೊತ್ತ ಬರೆದು ಕೈ ತೊಳೆದುಕೊಳ್ಳುವುದು ಸಾಲದು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಇಷ್ಟು ಏರಿಸಬೇಕು ಎಂದೂ ಬರೆಯಿರಿ. ಆ ರಾಜಿಯನ್ನು ಲೋಕ ಅದಾಲತ್ ಮೂಲಕ ದಾಖಲಿಸಿದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲ ಬರುತ್ತದೆ. ಹೆಚ್ಚು ಹಣ ಕೇಳಿದ ತಾಯಿಯನ್ನು "ಮನೆತನದ ಮಾನ ಕಳೆದಳು" ಎಂದು ದೂರಬೇಡಿ. ಅವಳು ಕೇಳುತ್ತಿರುವುದು ಮಗುವಿನ ಹಕ್ಕು.