ಸಂಪಾದಕರ ಮಾತು: ಮೇಷ್ಟರ ಶಾಲೆ ವಿಶ್ವವಿದ್ಯಾಲಯವಾದಾಗ

ಶಿಕ್ಷಕರ ತರಬೇತಿ ಕಾಲೇಜುಗಳು ಒಂಟಿಯಾಗಿ ಉಳಿಯದೆ, 2030ರ ಹೊತ್ತಿಗೆ ಹಲವು ವಿಷಯಗಳನ್ನು ಕಲಿಸುವ ದೊಡ್ಡ ಸಂಸ್ಥೆಗಳಾಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಇದರಿಂದ ಶಾಲೆಗೆ ಲಾಭವೋ ನಷ್ಟವೋ ಎಂದು ತೂಗಿ ನೋಡುವವರಿಗೆ ಟೋಕಿಯೊ ವಿಜ್ಞಾನ ವಿಶ್ವವಿದ್ಯಾಲಯದ ಚರಿತ್ರೆ ಉಪಯುಕ್ತ. 1881ರಲ್ಲಿ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಭೌತವಿಜ್ಞಾನ ಓದಿದ್ದ 21 ತರುಣರು ಸೇರಿ ಒಂದು ಸಂಜೆಶಾಲೆ ತೆರೆದರು. ತಾವು ಪರಭಾಷೆಯಲ್ಲಿ ಕಲಿತದ್ದನ್ನು ಜಪಾನಿ ಭಾಷೆಯಲ್ಲೇ ಹೇಳಿಕೊಟ್ಟರು. ಶಾಲೆಗೆ ಸ್ವಂತ ಉಪಕರಣಗಳಿರಲಿಲ್ಲ. ವಿಶ್ವವಿದ್ಯಾಲಯದಿಂದ ಎರವಲು ತಂದು, ಪ್ರಯೋಗ ತೋರಿಸಿ, ರಾತ್ರಿಯೇ ಹಿಂತಿರುಗಿಸುತ್ತಿದ್ದರು. 1885ರಲ್ಲಿ ಶಾಲೆ ಮುಚ್ಚುವ ಸ್ಥಿತಿಗೆ ಬಂದಾಗ ಅವರಲ್ಲಿ 16 ಮಂದಿ ಒಪ್ಪಂದ ಮಾಡಿಕೊಂಡರು: ತಲಾ 30 ಯೆನ್ ಕೊಡಬೇಕು, ವಾರಕ್ಕೆರಡು ಪಾಠ ಸಂಬಳವಿಲ್ಲದೆ ಮಾಡಬೇಕು, ಪಾಠ ತಪ್ಪಿಸಿದವರು 25 ಸೆನ್ ದಂಡ ತೆರಬೇಕು. ಪಾಠ ಮಾಡುವವರೇ ಹಣ ತೆತ್ತು ಉಳಿಸಿಕೊಂಡ ಇಂಥ ಶಾಲೆಗಳು ಅಪರೂಪ.

ಇಲ್ಲಿ ಓದಿದವರು ಗಣಿತ, ವಿಜ್ಞಾನದ ಮೇಷ್ಟರಾಗಿ ದೇಶದ ಮೂಲೆಮೂಲೆಗೆ ಹೋದರು. ನತ್ಸುಮೆ ಸೊಸೆಕಿ 1906ರಲ್ಲಿ ಬರೆದ ‘ಬೊಚ್ಚಾನ್’ ಕಾದಂಬರಿಯ ನಾಯಕ ಈ ಶಾಲೆಯಲ್ಲಿ ಓದಿ ದೂರದ ಊರಿಗೆ ಗಣಿತ ಕಲಿಸಲು ಹೋದವನು. ಬೋಧನೆಯ ಚಾತುರ್ಯವಿದ್ದರೆ ಸಾಕು, ಶಾಲಾ ಮೇಷ್ಟರಿಗೆ ಆಳವಾದ ವಿಜ್ಞಾನ ಏಕೆ ಎನ್ನುವವರು ಈಗಲೂ ಇದ್ದಾರೆ. ಉಪಕರಣವನ್ನು ಕೈಯಾರೆ ಮುಟ್ಟದವರು ಮಕ್ಕಳಿಗೆ ಕೊಡಬಲ್ಲದ್ದು ಕಪ್ಪುಹಲಗೆಯ ಚಿತ್ರವನ್ನಷ್ಟೇ. ಆ ತರುಣರು ಉಪಕರಣ ಹೊತ್ತು ಓಡಾಡಿದ್ದು ಇದನ್ನು ಅರಿತೇ. ಆದ್ದರಿಂದ 1949ರಲ್ಲಿ ಆ ಶಾಲೆ ವಿಶ್ವವಿದ್ಯಾಲಯವಾದದ್ದು ದಾರಿ ಬದಲಿಸಿದಂತಲ್ಲ, ಹಿಡಿದ ದಾರಿಯಲ್ಲೇ ಮುಂದೆ ನಡೆದಂತೆ.

ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು. ವಿಶ್ವವಿದ್ಯಾಲಯವಾದ ಮೇಲೆ ಮಾನಮರ್ಯಾದೆಯೆಲ್ಲ ಸಂಶೋಧನೆಗೆ ಸಲ್ಲುತ್ತದೆ, ಶಿಕ್ಷಕರ ತರಬೇತಿ ಮೂಲೆಗೆ ಸರಿಯುತ್ತದೆ ಎಂಬ ಭಯ ಅದು. ಭಯಕ್ಕೆ ಆಧಾರವೂ ಟೋಕಿಯೊದಲ್ಲೇ ಇದೆ. ಸರ್ಕಾರಿ ಶಿಕ್ಷಕ ತರಬೇತಿ ಶಾಲೆಯಿಂದ ಬೆಳೆದು, ಭೌತವಿಜ್ಞಾನಿ ತೊಮೊನಾಗ ಶಿನ್‌ಇಚಿರೊ ಅವರು ಮುಖ್ಯಸ್ಥರಾಗಿದ್ದ ಟೋಕಿಯೊ ಶಿಕ್ಷಣ ವಿಶ್ವವಿದ್ಯಾಲಯ, 1973ರಲ್ಲಿ ತ್ಸುಕುಬಾ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ 1978ರಲ್ಲಿ ಮುಚ್ಚಿಹೋಯಿತು. ಆದರೆ ಸಂಜೆಶಾಲೆಯ ವಾರಸುದಾರರು ವಿಶ್ವವಿದ್ಯಾಲಯ ಕಟ್ಟುವಾಗಲೂ ರಾತ್ರಿ ತರಗತಿಗಳ ವಿಭಾಗವನ್ನು ಬಿಡಲಿಲ್ಲ. ಮೇಷ್ಟರು ಮತ್ತೆ ಬಂದು ಓದಲು ಬಾಗಿಲು ತೆರೆದೇ ಇತ್ತು. ಒಮುರಾ ಸಾತೋಶಿ ಟೋಕಿಯೊದ ರಾತ್ರಿ ಪ್ರೌಢಶಾಲೆಯೊಂದರಲ್ಲಿ ಮೇಷ್ಟರಾಗಿದ್ದರು. ಕಾರ್ಖಾನೆಯ ಎಣ್ಣೆ ಮೆತ್ತಿದ ಕೈಯಲ್ಲೇ ಪರೀಕ್ಷೆ ಬರೆಯುವ ಹುಡುಗರನ್ನು ಕಂಡು, ತಾನೂ ಇನ್ನಷ್ಟು ಓದಬೇಕೆನಿಸಿ ಈ ವಿಶ್ವವಿದ್ಯಾಲಯ ಸೇರಿ 1963ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. 2015ರ ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು.

ನಮ್ಮಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1960ರ ದಶಕದಲ್ಲೇ ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷದ ಒಂದೇ ಪದವಿಯಲ್ಲಿ ಬೆಸೆದಿತ್ತು. ಈಗ ಕಾಲೇಜುಗಳ ಫಲಕ ಬದಲಿಸಲು ಹೊರಟಿರುವವರು, ಕೆಲಸದಲ್ಲಿರುವ ಮೇಷ್ಟರಿಗಾಗಿ ಸಂಜೆ ತರಗತಿಗಳನ್ನೂ ಸಂಜೆ ತೆರೆದಿರುವ ಪ್ರಯೋಗಾಲಯವನ್ನೂ ಮೊದಲ ವರ್ಷದ ಯೋಜನೆಯಲ್ಲೇ ಸೇರಿಸಲಿ.